ಕಡ್ಡಿಯಾ, ಫೋರ್ಕಾ?

ಆ ದಿನ ಬೆಳಿಗ್ಗೆ ಎದ್ದಾಗಿನಿಂದ ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಅಡುಗೆಮನೆಗೆ ಹೋದೆ, ಅಲ್ಲಿಂದ ಕಿಟಕಿಗೆ, ಕಿಟಕಿಯಿಂದ ಮತ್ತೆ ಬಚ್ಚಲಿಗೆ. ನನ್ನ ತಂಗಿ ಬಸ್ ಕಂಡಕ್ಟರ್. ಸಮವಸ್ತ್ರ ತೊಟ್ಟು, ಟಿಕೆಟ್ ಮೆಷೀನನ್ನು ಪಕ್ಕದಲ್ಲಿಟ್ಟುಕೊಂಡು ಟೀ ಕುಡಿಯುತ್ತಾ ನನ್ನ ಓಡಾಟವನ್ನೇ ನೋಡುತ್ತಿದ್ದಳು.

"ಏನೇ ಅಕ್ಕ, ಬಾಲ ಸುಟ್ಟ ಬೆಕ್ಕಿನ ಹಾಗೆ ತಿರುಗ್ತಿದೀಯ? ಕೂತ್ಕೊಂಡು ಏನಾದ್ರೂ ತಿನ್ನು."

"ಹಸಿವಿಲ್ಲ."

"ಹಸಿವಿಲ್ವೋ, ಕೈ ಏಳ್ತಾ ಇಲ್ವೋ?"

ಅವಳ ಬಾಯಿಗೆ ಯಾವತ್ತೂ ಬೀಗವಿಲ್ಲ. ದಿನವೆಲ್ಲ ಬಸ್ಸಿನಲ್ಲಿ ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದು ಕೂಗಿ ಅಭ್ಯಾಸವಾಗಿ, ಮನೆಯಲ್ಲೂ ಎಲ್ಲರನ್ನೂ ಮುಂದಕ್ಕೆ ತಳ್ಳುತ್ತಲೇ ಇರುತ್ತಾಳೆ. ಕುರ್ಚಿ ಎಳೆದು ಕೂತೆ. ಬ್ರೆಡ್ಡಿನ ತುಂಡನ್ನು ಎಡಗೈಯಲ್ಲಿ ಎತ್ತಿಕೊಂಡೆ. ಬಲಗೈ ಮಡಿಲಲ್ಲಿತ್ತು. ಮೂರು ತಿಂಗಳಿಂದ ಅದು ಹೆಚ್ಚಾಗಿ ಅಲ್ಲೇ ಇರುತ್ತಿತ್ತು.

ನಡುಕ ಯಾವಾಗಲೂ ಇರುತ್ತಿರಲಿಲ್ಲ, ಅದೇ ಅದರ ಕಪಟ. ಬಕೆಟ್ ಎತ್ತುವಾಗ ಇಲ್ಲ, ಬಾಗಿಲ ಚಿಲಕ ಹಾಕುವಾಗ ಇಲ್ಲ, ತಂಗಿಯ ಬೆನ್ನಿಗೊಂದು ಗುದ್ದುವಾಗ ಖಂಡಿತ ಇಲ್ಲ. ಸಣ್ಣದೊಂದನ್ನು ಹಗುರಾಗಿ ಹಿಡಿಯಬೇಕು ಅನ್ನುವಾಗ ಮಾತ್ರ ಹೆಬ್ಬೆರಳೂ ತೋರುಬೆರಳೂ ತಮ್ಮಷ್ಟಕ್ಕೆ ತಾವೇ ಅದುರತೊಡಗುತ್ತಿದ್ದವು. ಡಾಕ್ಟರು ನೋಡಿ, "ಜೀವಕ್ಕೇನೂ ತೊಂದ್ರೆ ಇಲ್ಲಮ್ಮ. ಆದ್ರೆ ಪೂರ್ತಿ ಹೋಗೋದೂ ಇಲ್ಲ. ಏನು ಕೆಲಸ ಮಾಡ್ತೀರಿ?" ಎಂದು ಕೇಳಿದ್ದರು. ಹೇಳಿದೆ. ಅವರು ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ಚೆನ್ನಾಗಿ ನಿದ್ದೆ ಬಂತು, ಅಷ್ಟೇ.

ನಾನು ಹಲ್ಲು ಮಾಡುವವಳು. ಡಾಕ್ಟರಲ್ಲ, ಯಾರ ಬಾಯಿಗೂ ಕೈ ಹಾಕಿದವಳಲ್ಲ. ಹಲ್ಲಿನ ಡಾಕ್ಟರು ಅಳತೆ ಕಳಿಸುತ್ತಾರೆ, ನಾವು ಲ್ಯಾಬಿನಲ್ಲಿ ಹಲ್ಲು ಮಾಡಿ ಕಳಿಸುತ್ತೇವೆ. ದವಡೆ ಹಲ್ಲುಗಳನ್ನು ಈಗ ಮೆಷೀನೇ ಕೊರೆದು ಮಾಡುತ್ತದೆ. ಮುಂದಿನ ಹಲ್ಲು ಮಾತ್ರ ಇನ್ನೂ ನನ್ನಂಥವರ ಪಾಲಿಗೆ ಉಳಿದಿದೆ. ಪಿಂಗಾಣಿಯ ಪುಡಿಯನ್ನು ನೀರಲ್ಲಿ ಕಲಸಿ, ನಾಲ್ಕೈದು ಕೂದಲಿನ ಬ್ರಶ್ಶಿನಲ್ಲಿ ಪದರದ ಮೇಲೆ ಪದರ ಇಟ್ಟು, ಫರ್ನೇಸಿನಲ್ಲಿ ಸುಟ್ಟು, ಮತ್ತೆ ಪದರ ಇಡಬೇಕು. ಬುಡದಲ್ಲಿ ಹಳದಿ, ತುದಿಯಲ್ಲಿ ನೀಲಿಯೋ ಬೂದಿಯೋ ಎಂದು ಹೇಳಲಾಗದ ಒಂದು ಬಣ್ಣ, ನಡುವೆ ಬೇಕಿದ್ದರೆ ಟೀ ಕುಡಿದ ಒಂದು ಗೆರೆ. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿದ್ದೇನೆ. ರಸ್ತೆಯಲ್ಲಿ ಯಾರೋ ನಕ್ಕರೆ ಯಾವುದು ದೇವರು ಮಾಡಿದ್ದು, ಯಾವುದು ನಾನು ಮಾಡಿದ್ದು ಎಂದು ಅವರ ಹೆಂಡತಿಗೂ ಗೊತ್ತಾಗುವುದಿಲ್ಲ. ಜಂಬ ಎಂದರೆ ಜಂಬ. ಬೇರೆ ಯಾವುದರಲ್ಲೂ ನನಗೆ ಜಂಬ ಪಡುವಂಥದ್ದು ಇರಲಿಲ್ಲ.

ಆ ಕೈಯೇ ಈಗ ನನಗೆ ಕೈಕೊಟ್ಟಿತ್ತು. ಎಲ್ಲರಿಗಿಂತ ಒಂದು ಗಂಟೆ ಮೊದಲೇ ಲ್ಯಾಬಿಗೆ ಹೋಗಿ, ಮಣಿಕಟ್ಟನ್ನು ಮೇಜಿನ ಅಂಚಿಗೆ ಅಮುಕಿ ಹಿಡಿದು, ಉಸಿರು ಬಿಗಿಹಿಡಿದು ಕೆಲಸ ಮುಗಿಸುತ್ತಿದ್ದೆ. ಹಾಗಿದ್ದೂ ಹೋದ ತಿಂಗಳು ಎರಡು ಹಲ್ಲು ವಾಪಸು ಬಂದವು, ತುದಿಯ ಬಣ್ಣ ಕದಡಿದೆ ಎಂದು. ‘ಫರ್ನೇಸು ಸರಿಯಿಲ್ಲ’ ಎಂದುಬಿಟ್ಟೆ. ಪಾಪದ ಫರ್ನೇಸು. ರಿಪೇರಿಯವನು ಬಂದು ಎಲ್ಲ ಬಿಚ್ಚಿ, ಎಲ್ಲ ಕೂಡಿಸಿ, "ಇದಕ್ಕೇನೂ ಆಗಿಲ್ಲವಲ್ಲ" ಎಂದು ತಲೆ ಕೆರೆದುಕೊಂಡು ಹೋದ. ನಾನು ಅವನ ಮೇಲೂ ಸಿಡುಕಿದೆ.

ಆದರೆ ಆ ದಿನದ ಊಟವನ್ನು ಫರ್ನೇಸಿನ ಮೇಲೆ ಹಾಕುವಂತಿರಲಿಲ್ಲ.

ನಮ್ಮ ಲ್ಯಾಬಿನಲ್ಲಿ ಹೊಸಬರನ್ನು ತೆಗೆದುಕೊಳ್ಳುವುದಕ್ಕೆ ಒಂದು ರೂಢಿಯಿದೆ. ದೊಡ್ಡ ಯಜಮಾನರು, ಈಗಿಲ್ಲ ಅವರು, ಹಾಕಿಕೊಟ್ಟದ್ದು. ಮೇಜಿನ ಮುಂದೆ ಕೂರಿಸಿ ಬ್ರಶ್ಶು ಕೊಟ್ಟರೆ ಯಾರಾದರೂ ಹತ್ತು ನಿಮಿಷ ಉಸಿರುಕಟ್ಟಿ ಚೆನ್ನಾಗಿ ಮಾಡಿಬಿಡುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ ಎನ್ನುವುದು ಅವರ ವಾದ. ಅದಕ್ಕೇ ಎದುರಿನ ನೂಡಲ್ಸ್ ಅಂಗಡಿಗೆ ಊಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಚಾಪ್‌ಸ್ಟಿಕ್ ಹಿಡಿಸುತ್ತಿದ್ದರು. ನಾವೆಲ್ಲ ಅದನ್ನು ಕಡ್ಡಿ ಎನ್ನುತ್ತೇವೆ. ಮೇಜಿನ ನಡುವೆ ಒಂದು ಬಟ್ಟಲು ಟೋಫು ಇರುತ್ತದೆ. ಟೋಫು ಎಂದರೆ ಸೋಯಾ ಹಾಲಿನ ಪನೀರು. ಈ ಅಂಗಡಿಯದು ಗಟ್ಟಿ ಮೊಸರಿನಷ್ಟು ಮೆತ್ತಗೆ, ಮೇಲೆ ತಿಳಿಸಾರು ಬೇರೆ. ಪರೀಕ್ಷೆ ಮಾಡುವವರು ಮೊದಲು ಕಡ್ಡಿಯಲ್ಲಿ ಒಂದು ತುಂಡನ್ನು ಒಡೆಯದೆ ಎತ್ತಿ ಹೊಸಬರ ತಟ್ಟೆಗೆ ಇಡಬೇಕು. ಆಮೇಲೆ ಹೊಸಬರು ಒಂದು ತುಂಡನ್ನು ಹಾಗೇ ಇವರ ತಟ್ಟೆಗೆ ಇಡಬೇಕು. ಕಡ್ಡಿ ಹಿಡಿದೇ ಗೊತ್ತಿಲ್ಲದವರಾದರೆ ಇನ್ನೂ ಒಳ್ಳೆಯದು ಎನ್ನುತ್ತಿದ್ದರು ಯಜಮಾನರು. ಗೊತ್ತಿಲ್ಲದ ಸಾಮಾನನ್ನು ಊಟ ಮುಗಿಯುವುದರೊಳಗೆ ಒಲಿಸಿಕೊಳ್ಳುವ ಕೈ ಅವರಿಗೆ ಬೇಕಾಗಿತ್ತು. ನಾನು ಆಯ್ಕೆಯಾದದ್ದೂ ಹಾಗೆಯೇ. ಅವರು ಹೋದ ಮೇಲೆ ತುಂಡು ಎತ್ತಿ ಕೊಡುವ ಕೆಲಸ ನನಗೆ ಬಂತು. ಹದಿಮೂರು ವರ್ಷದಲ್ಲಿ ಒಂದೇ ಒಂದು ತುಂಡನ್ನೂ ಒಡೆದವಳಲ್ಲ.

"ಇವತ್ತೇ ಅಲ್ವಾ ಆ ಪರೀಕ್ಷೆ ಊಟ?" ಎಂದಳು ತಂಗಿ. "ಹೇಳ್ಬಿಡು ಅಕ್ಕ."

"ಹೇಳಿ?"

"ಹೇಳಿ ಮನೇಲಿರು. ನಾನು ದುಡೀತಿಲ್ವಾ?"

"ಮನೇಲಿ ಕೂತು ಏನ್ ಮಾಡ್ಲಿ, ನಿನ್ನ ಯೂನಿಫಾರ್ಮಿಗೆ ಇಸ್ತ್ರಿ ಹಾಕ್ಲಾ?"

"ಹಾಕಿದ್ರೆ ಬೇಡ ಅನ್ನಲ್ಲ." ಅವಳು ಮೆಷೀನನ್ನು ಹೆಗಲಿಗೆ ನೇತುಹಾಕಿಕೊಂಡಳು. "ಹೇಳೋಕಾಗಲ್ಲ ಅಂದ್ರೆ ಫೋರ್ಕು ಕೇಳು. ಮುಷ್ಟಿಯಲ್ಲಿ ಹಿಡ್ಕೊಂಡು ತಿನ್ನು, ಯಾರಿಗೂ ಗೊತ್ತಾಗಲ್ಲ."

ಅವಳು ತಮಾಷೆಗೆ ಹೇಳಿದ್ದು. ನನಗೆ ಮಾತ್ರ ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ಹೌದಲ್ಲ! ಊಟದ ಮೇಜಿನಲ್ಲಿ ‘ಕಡ್ಡಿಯಾ, ಫೋರ್ಕಾ’ ಎಂದು ಅಂಗಡಿಯಾಕೆ ಕೇಳುವುದು ನನ್ನನ್ನೇ. ಇಡೀ ಮೇಜಿಗೆ ನಾನೇ ಉತ್ತರ ಕೊಡುವುದು. ಯಾವತ್ತೂ ಕಡ್ಡಿ ಎಂದವಳು ಇವತ್ತು ಫೋರ್ಕು ಎಂದರೆ ಯಾರ ಗಂಟೇನು ಹೋಗುತ್ತದೆ?

ದಾರಿಯುದ್ದಕ್ಕೂ ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತಾ ನಡೆದೆ. ಮಧ್ಯಾಹ್ನದವರೆಗೆ ಒಂದು ಹಲ್ಲೂ ಮಾಡಲಿಲ್ಲ. ಪುಡಿ ಕಲಸಿದೆ, ಒಣಗಿತು, ಮತ್ತೆ ಕಲಸಿದೆ. ಮೂರು ಸಲ ಬಚ್ಚಲಿಗೆ ಹೋಗಿ ಬಂದೆ. ಗಡಿಯಾರ ನೋಡಿದಾಗೆಲ್ಲ ಐದು ನಿಮಿಷ ಕಳೆದಿರುತ್ತಿತ್ತು. ಕೆಟ್ಟ ಸಿಟ್ಟು ಬರುತ್ತಿತ್ತು, ಗಡಿಯಾರದ ಮೇಲೆ, ಬರಲಿರುವ ಆ ಇಬ್ಬರ ಮೇಲೆ, ದೊಡ್ಡ ಯಜಮಾನರ ಮೇಲೂ. ಟೋಫುವಿನ ಬದಲು ಒಂದು ಆಲೂಗೆಡ್ಡೆ ಎತ್ತಿಸಿದ್ದರೆ ಆಗುತ್ತಿರಲಿಲ್ಲವೇ ಆ ಮಹಾರಾಯರು?

ಲ್ಯಾಬಿನಲ್ಲಿ ಏಳು ಮೇಜು. ಒಬ್ಬ ಬೇರೆ ಕಡೆ ಕೆಲಸ ಸಿಕ್ಕಿ ಹೋಗಿದ್ದರಿಂದ ಒಂದು ಖಾಲಿಯಾಗಿತ್ತು. ಆ ಒಂದು ಜಾಗಕ್ಕೆ ಬಂದ ಅರ್ಜಿಗಳಲ್ಲಿ ಇಬ್ಬರು ಉಳಿದಿದ್ದರು. ಅವರಲ್ಲಿ ಒಬ್ಬರನ್ನು ಆರಿಸುವುದು ಇವತ್ತಿನ ಊಟ.

ಒಂದು ಗಂಟೆಗೆ ಯಜಮಾನರು ಕೋಟು ಹಾಕಿಕೊಂಡು ಬಂದರು. ಇವರು ದೊಡ್ಡ ಯಜಮಾನರ ಮಗ. ಚಡ್ಡಿ ಹಾಕಿಕೊಂಡು ಲ್ಯಾಬಿಗೆ ಬಂದು, ಮೇಣದ ದವಡೆಗಳನ್ನು ಕದ್ದು ಶಾಲೆಯಲ್ಲಿ ಹುಡುಗಿಯರನ್ನು ಹೆದರಿಸುತ್ತಿದ್ದ ಕಾಲದಿಂದ ಬಲ್ಲೆ. ನಾಲ್ಕು ಜನರೆದುರು ‘ನೀವು’ ಎನ್ನುತ್ತೇನೆ. ಇಬ್ಬರೇ ಇದ್ದಾಗ ಇಂದಿಗೂ ‘ಪುಟ್ಟ’ನೇ. ಒಳ್ಳೆಯವನು. ವ್ಯವಹಾರ ಬಲ್ಲ, ಡಾಕ್ಟರುಗಳ ಹತ್ತಿರ ನಯವಾಗಿ ಮಾತಾಡಬಲ್ಲ. ಮೇಜಿನ ಕೆಲಸ ಮಾತ್ರ ಎಳ್ಳಷ್ಟೂ ಬರುವುದಿಲ್ಲ.

"ಅಕ್ಕ, ನಡೀರಿ. ಇಬ್ರೂ ಬಂದು ಕಾಯ್ತಿದಾರೆ."

ಅಂಗಡಿಯಲ್ಲಿ ಯಾವಾಗಲೂ ಕೂರುವ ಗೋಡೆಬದಿಯ ದುಂಡು ಮೇಜು. ಒಬ್ಬ ಮೂವತ್ತರ ಆಸುಪಾಸಿನವನು, ಬಿಳಿ ಅಂಗಿ, ನೀಲಿ ಟೈ. ಎದ್ದು ನಿಂತು ಇಬ್ಬರಿಗೂ ಕೈ ಕುಲುಕಿದ. ಇನ್ನೊಬ್ಬಳು ನಲವತ್ತರ ಹತ್ತಿರದ ಹೆಂಗಸು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅವಳ ಅರ್ಜಿ ಓದಿದ್ದೆ. ಗೊಂಬೆ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಗೊಂಬೆಗಳಿಗೆ ಕಣ್ಣು ಬರೆದವಳು. ಹಲ್ಲಿನ ಕೋರ್ಸು ಮಾಡಿದವಳಲ್ಲ. ನಮ್ಮಲ್ಲಿ ಕೈ ನೋಡಿ ತೆಗೆದುಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದರಿಂದ ಅರ್ಜಿ ಹಾಕಿದ್ದಳು. ಟೈಯವನ ಅರ್ಜಿಯ ಜೊತೆ ಐದು ಸರ್ಟಿಫಿಕೇಟುಗಳಿದ್ದವು.

ಅಂಗಡಿಯಾಕೆ ನಮ್ಮನ್ನು ನೋಡಿದ್ದೇ ಟೋಫುವಿನ ಬಟ್ಟಲನ್ನು ತಂದು ಮೇಜಿನ ನಡುವೆ ಇಟ್ಟಳು. ಒಂದು ಕೈಯಲ್ಲಿ ಕಡ್ಡಿಗಳ ಲೋಟ, ಇನ್ನೊಂದರಲ್ಲಿ ಫೋರ್ಕು ಚಮಚಗಳ ಡಬ್ಬಿ. ಕೇಳುವುದು ಬರೀ ಶಾಸ್ತ್ರಕ್ಕೆ.

"ಕಡ್ಡಿಯಾ, ಫೋರ್ಕಾ?"

"ಫೋರ್ಕು," ಎಂದೆ.

ಅವಳು ಕಡ್ಡಿಯ ಲೋಟವನ್ನು ಆಗಲೇ ಮೇಜಿಗೆ ಇಡುತ್ತಿದ್ದಳು. ಅರ್ಧಕ್ಕೆ ನಿಂತಳು. "ಏನಂದ್ರಿ?"

"ಫೋರ್ಕು ಅಂದೆ. ಎಲ್ರಿಗೂ."

"ಮೈ ಹುಷಾರಾಗಿದೆ ತಾನೆ?"

"ನಿಮ್ಮ ಅಂಗಡೀಲಿ ಫೋರ್ಕು ಕೇಳಿದ್ರೆ ಆರೋಗ್ಯನೂ ವಿಚಾರಿಸ್ತೀರಾ?"

ಅವಳು ಹುಬ್ಬೇರಿಸಿ ಫೋರ್ಕು ಹಂಚಿ, ನೂಡಲ್ಸು ತರಲು ಹೋದಳು. ಯಜಮಾನರು ನನ್ನ ಕಡೆ ಬಾಗಿ ಮೆಲ್ಲಗೆ, "ಯಾಕಕ್ಕ, ಇವತ್ತು ನೋಡೋದಿಲ್ವಾ?" ಎಂದರು.

"ಎಷ್ಟು ದಿನ ಅಂತ ಅದೇ ಆಟ? ದೊಡ್ಡ ಯಜಮಾನರ ಕಾಲ ಬೇರೆ. ಈಗ ಮಾತಾಡ್ಸಿ ನೋಡಿದ್ರೆ ಗೊತ್ತಾಗಲ್ವಾ ಮನುಷ್ಯರು?" ಸಲೀಸಾಗಿ ಬಂತು ಸುಳ್ಳು. ನನಗೇ ಆಶ್ಚರ್ಯವಾಯಿತು.

"ಅದೂ ಸರೀನೇ. ನಂಗೂ ಅನ್ನಿಸ್ತಿತ್ತು," ಎಂದರು ಯಜಮಾನರು. ಅವರ ದನಿಯಲ್ಲಿ ನಿರಾಳವಿತ್ತು.

ಟೈಯವನ ಮುಖದಲ್ಲಿ ಅದಕ್ಕಿಂತ ಹೆಚ್ಚಿನ ನಿರಾಳವಿತ್ತು. ಅವನಿಗೂ ಯಾರೋ ಪರೀಕ್ಷೆಯ ಸುದ್ದಿ ಹೇಳಿದ್ದಿರಬೇಕು. ಫೋರ್ಕು ಕೈಗೆ ಬಂದದ್ದೇ ಬಾಯಿ ಬಿಚ್ಚಿಕೊಂಡಿತು. ಬಾಯೊಳಗೆ ಬೆಳಕು ಬಿಟ್ಟು ಅಳತೆ ತೆಗೆಯುವ ಯಂತ್ರ, ಪರದೆಯ ಮೇಲೆ ಹಲ್ಲು ಬಿಡಿಸುವ ಪ್ರೋಗ್ರಾಮು, ದಿನಕ್ಕೆ ನಲವತ್ತು ಹಲ್ಲು ಕೊರೆಯುವ ಹೊಸ ಮೆಷೀನು. ನೂಡಲ್ಸನ್ನು ಫೋರ್ಕಿಗೆ ಸುತ್ತಿ ಸುತ್ತಿ, ಸುತ್ತಿದ್ದನ್ನು ತಿನ್ನುವುದನ್ನೇ ಮರೆತು ಮಾತಾಡುತ್ತಿದ್ದ. ಕೆಟ್ಟವನೇನಲ್ಲ. ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಯಜಮಾನರು ತಲೆದೂಗುತ್ತಾ ಕೇಳುತ್ತಿದ್ದರು.

ನಾನು ಫೋರ್ಕನ್ನು ಸೌದೆ ಹಿಡಿದಂತೆ ಹಿಡಿದು ನನ್ನ ನೂಡಲ್ಸಿನ ಬಟ್ಟಲಿಗೆ ಚುಚ್ಚಿದೆ. ಕೈ ಅಲ್ಲಾಡಲಿಲ್ಲ. ಒಂದು ತುತ್ತು, ಎರಡು ತುತ್ತು. ಬಚಾವಾದೆ ಎಂದುಕೊಂಡೆ. ಆದರೂ ಕಾಲು ಮೇಜಿನ ಕೆಳಗೆ ಕುಣಿಯುತ್ತಲೇ ಇತ್ತು.

"ನೀವು?" ಯಜಮಾನರು ಹೆಂಗಸಿನ ಕಡೆ ತಿರುಗಿದರು. "ಹಲ್ಲಿನ ಕೆಲಸ ಏನಾದ್ರೂ ಮಾಡಿದೀರಾ?"

"ಇಲ್ಲ ಸಾರ್. ಗೊಂಬೆ ಕಣ್ಣು ಬರೀತಿದ್ದೆ. ದಿನಕ್ಕೆ ನಾನೂರು ಕಣ್ಣು. ಈಗ ಅಚ್ಚು ಒತ್ತೋ ಮೆಷೀನು ಬಂತು. ನಮ್ಮನ್ನೆಲ್ಲ ಕಳಿಸಿದ್ರು."

"ಗೊಂಬೆ ಕಣ್ಣೂ ಹಲ್ಲೂ ಒಂದೇ ಆಗುತ್ತೇನಮ್ಮ?"

"ಗೊತ್ತಿಲ್ಲ ಸಾರ್. ಕೊಟ್ರೆ ನೋಡಬಹುದು." ಅವಳು ನನ್ನ ಕಡೆ ತಿರುಗಿದಳು. "ಮೇಡಂ, ಕೈ ನೋಡ್ತೀರಿ ಅಂತ ಹೇಳಿದ್ರು. ಏನೋ ಎತ್ತಿ ಇಡೋದಿರುತ್ತೆ ಅಂತ."

"ಇವತ್ತು ಇಲ್ಲ," ಎಂದೆ.

"ಬೇರೆ ದಿನ ಇದ್ಯಾ?"

"ಇಲ್ಲ."

"ಹಾಂ," ಎಂದಳು. ಅತ್ತಿದ್ದರೆ, ಜಗಳ ಆಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ತಲೆ ತಗ್ಗಿಸಿ ತಿನ್ನತೊಡಗಿದಳು. ಆಗ ಅವಳ ಕೈ ನೋಡಿದೆ. ನೋಡಬಾರದೆಂದುಕೊಂಡೇ ನೋಡಿದೆ.

ಫೋರ್ಕನ್ನು ತೀರಾ ತುದಿಯ ಹತ್ತಿರ ಹಿಡಿದಿದ್ದಳು. ಕಿರುಬೆರಳನ್ನು ತನ್ನ ಬಟ್ಟಲಿನ ಅಂಚಿಗೆ ಊರಿದ್ದಳು. ಬೆರಳು ಊರದೆ ಅವಳ ಕೈ ಕೆಲಸಕ್ಕೆ ಇಳಿಯುತ್ತಿರಲಿಲ್ಲ. ಊಟಕ್ಕೆ ಯಾರೂ ಹಾಗೆ ಊರುವುದಿಲ್ಲ. ಕೂದಲೆಳೆಯಷ್ಟು ಗೆರೆ ಎಳೆದು ಎಳೆದು ಅಭ್ಯಾಸವಾದವರು ಮಾತ್ರ, ತಮಗೇ ಗೊತ್ತಿಲ್ಲದೆ, ಸಿಕ್ಕ ಕಡೆಯಲ್ಲಿ ಕಿರುಬೆರಳನ್ನು ಊರುತ್ತಾರೆ. ನಾನೂ ಊರುತ್ತೇನೆ. ಫೋನಿನ ಗುಂಡಿ ಒತ್ತುವಾಗಲೂ ಊರುತ್ತೇನೆಂದು ತಂಗಿ ಆಡಿಕೊಳ್ಳುತ್ತಾಳೆ. ಸಾರಿನಲ್ಲಿ ತೇಲುತ್ತಿದ್ದ ಮೆಣಸಿನ ಬೀಜವೊಂದನ್ನು ಅವಳು ಫೋರ್ಕಿನ ಒಂದೇ ಒಂದು ಹಲ್ಲಿನಲ್ಲಿ, ಸಾರು ಕದಲದಂತೆ, ಎತ್ತಿ ಬದಿಗಿಟ್ಟಳು. ಅದನ್ನು ನೋಡಿದ್ದು ಆ ಮೇಜಿನಲ್ಲಿ ನಾನೊಬ್ಬಳೇ. ಯಜಮಾನರು ನಲವತ್ತು ಹಲ್ಲಿನ ಮೆಷೀನಿನ ಬೆಲೆ ಕೇಳುತ್ತಿದ್ದರು.

ನನಗೆ ನಾಚಿಕೆಯಾಯಿತು. ಸುತ್ತಿ ಬಳಸಿ ಹೇಳುವುದೇಕೆ, ಮೈಯೆಲ್ಲ ಬಿಸಿಯಾಗುವಷ್ಟು ನಾಚಿಕೆಯಾಯಿತು. ಈ ಹೆಂಗಸಿನ ಹತ್ತಿರ ತೋರಿಸುವುದಕ್ಕೆ ಇದ್ದದ್ದು ಒಂದೇ, ಅವಳ ಕೈ. ಅದನ್ನು ತೋರಿಸುವ ಒಂದೇ ಬಾಗಿಲನ್ನು ನಾನು ಬೆಳಿಗ್ಗೆಯಿಂದ ಯೋಚಿಸಿ ಯೋಚಿಸಿ ಮುಚ್ಚಿದ್ದೆ. ನನ್ನ ಕೈ ಕಾಣಬಾರದೆಂದು ಅವಳ ಕೈಯನ್ನೂ ಮುಚ್ಚಿಟ್ಟಿದ್ದೆ. ಕಾರ್ಖಾನೆಯವರು ಅವಳನ್ನು ಕಳಿಸಿದ್ದಕ್ಕೆ ಒಂದು ಮೆಷೀನಾದರೂ ಕಾರಣವಿತ್ತು.

ಆದರೂ ಬಾಯಿ ಬರಲಿಲ್ಲ. ಸುಮ್ಮನಿರು ಎಂದಿತು ಮನಸ್ಸು. ಇವಳು ಇನ್ನೆಲ್ಲಾದರೂ ಹೋಗುತ್ತಾಳೆ. ನೀನೆಲ್ಲಿ ಹೋಗುತ್ತೀಯ? ಹಲ್ಲು ಮಾಡದಿದ್ದರೆ ನೀನು ಯಾರು? ಇನ್ನೊಂದು ವರ್ಷ, ಮಣಿಕಟ್ಟು ಅಮುಕಿಕೊಂಡು, ಇನ್ನೊಂದೇ ವರ್ಷ.

ಯಜಮಾನರು ಬಾಯಿ ಒರೆಸಿಕೊಂಡರು. "ಸರಿ ಹಾಗಾದ್ರೆ. ಅಕ್ಕ, ನೀವೂ ಮಾತು ಕೇಳಿದ್ರಲ್ಲ. ನಂಗೇನೋ ಇವ್ರು ಸರಿ ಅನ್ನಿಸ್ತಿದೆ. ನೋಡಿ, ನೀವು ಸೋಮವಾರದಿಂದ..." ಎಂದು ಟೈಯವನ ಕಡೆ ಕೈ ಚಾಚಿದರು.

ಹೆಂಗಸು ಚೀಲದ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡಳು.

"ಕಡ್ಡಿ ತನ್ನಿ!" ಎಂದು ಕೂಗಿಬಿಟ್ಟೆ. ಪಕ್ಕದ ಮೇಜಿನವರೂ ತಿರುಗಿ ನೋಡಿದರು. ಅಂಗಡಿಯಾಕೆ ಕಾಯುತ್ತಿದ್ದವಳ ಹಾಗೆ ಲೋಟ ತಂದು ಠಪ್ಪನೆ ಇಟ್ಟು, "ನಾನು ಮೊದ್ಲೇ ಇಡೋಕೆ ಬಂದೆ," ಎಂದಳು.

"ಅಕ್ಕ, ಬೇಡ ಅಂದಿದ್ರಲ್ಲ?" ಎಂದರು ಯಜಮಾನರು.

"ಈಗ ಬೇಕು ಅಂತಿದೀನಿ. ನೋಡದೆ ತೊಗೊಳ್ಳೋದು ಸರಿಯಲ್ಲ. ಇಬ್ರೂ ಎತ್ತಿಡ್ಲಿ." ಕೊನೆಯದೊಂದು ಆಸೆಯಿಂದ ಕೇಳಿದೆ, "ಇವತ್ತು ಮೊದಲಿನ ತುಂಡು ನೀವೇ ಕೊಡಿ. ನೀವೇ ಯಜಮಾನರಲ್ವಾ?"

"ನಂಗೆಲ್ಲಿ ಬರುತ್ತಕ್ಕ? ಇದು ಬರೀ ಫೋನು ಎತ್ತೋ ಕೈ." ಅವರು ನಕ್ಕರು. "ಅಪ್ಪ ಏನಂತಿದ್ರು? ತಾವು ಎತ್ತದೆ ಇನ್ನೊಬ್ರಿಗೆ ಎತ್ತು ಅನ್ನಬಾರದು ಅಂತ. ನೀವೇ ಕೊಡಬೇಕು."

ಕಡ್ಡಿ ತೆಗೆದುಕೊಂಡೆ. ಬೆರಳಿನ ನಡುವೆ ಕೂರಿಸಿದೆ. ಅದು ಕೂತ ಕ್ಷಣದಿಂದಲೇ ತುದಿಗಳು ಒಂದಕ್ಕೊಂದು ತಗುಲಿ ಟಕಟಕ ಸದ್ದು ಮಾಡತೊಡಗಿದವು. ಬಟ್ಟಲಿಗೆ ಇಳಿಸಿದೆ, ಸಾರು ಚಿಮ್ಮಿತು. ಒಂದು ತುಂಡನ್ನು ಹಿಡಿದೆ, ಅದು ಮೇಲೆ ಬಂತು, ಬಟ್ಟಲಿನ ಅಂಚು ದಾಟಿತು. ಇನ್ನೇನು ಅಂಗೈಯಷ್ಟು ದೂರ. ಅದು ನಡುಗಿ, ಸೀಳಿ, ಎರಡಾಗಿ ಮೇಜಿನ ಮೇಲೆ ಬಿತ್ತು. ಟೈಯವನ ಬಿಳಿ ತೋಳಿಗೆ ಸಾರು ಹಾರಿತು.

ಮತ್ತೊಂದು ಎತ್ತಿದೆ. ಅದು ಬಟ್ಟಲಿನೊಳಗೇ ಪುಡಿಯಾಯಿತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಮೂರನೆಯದಕ್ಕೆ ಹೋದೆ. ಯಜಮಾನರು ನನ್ನ ಕೈಯ ಮೇಲೆ ಕೈ ಇಟ್ಟರು. ಅವರ ಬೆರಳಿನ ಕೆಳಗೂ ಅದು ನಡುಗುತ್ತಿತ್ತು.

"ಸಾಕು ಬಿಡಿ ಅಕ್ಕ." ಆಮೇಲೆ ಕೇಳಿದರು, "ಎಷ್ಟು ದಿನದಿಂದ?"

"ಮೂರು ತಿಂಗಳು."

"ಆ ಎರಡು ಹಲ್ಲು ವಾಪಸ್ ಬಂದಿದ್ದು?"

"ನಾನೇ ಕೆಡಿಸಿದ್ದು. ಫರ್ನೇಸಿಗೇನೂ ಆಗಿಲ್ಲ ಪುಟ್ಟ."

ಹೊಸಬರೆದುರು ಪುಟ್ಟ ಎಂದುಬಿಟ್ಟಿದ್ದೆ. ಅವರು ತಿದ್ದಲಿಲ್ಲ. ಬಟ್ಟೆ ತೆಗೆದುಕೊಂಡು ಮೇಜಿನ ಮೇಲೆ ಬಿದ್ದದ್ದನ್ನು ತಾವೇ ಒರೆಸತೊಡಗಿದರು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ನನಗೆ ಅಳು ಬಂದಿತ್ತು. ಅತ್ತರೆ ಅವರಿಗೆ ಇನ್ನಷ್ಟು ಕಷ್ಟವಾಗುತ್ತದೆಂದು ಸಿಡುಕುವ ದಾರಿಯನ್ನೇ ಹಿಡಿದೆ. "ನೀವಿಬ್ರೂ ಏನು ನೋಡ್ತಾ ಕೂತಿದೀರಿ? ಎತ್ತಿ. ಟೋಫು ತಣ್ಣಗಾಗ್ತಿದೆ."

ಟೈಯವನು ಕಡ್ಡಿಯನ್ನು ಎರಡು ಪೆನ್ಸಿಲು ಹಿಡಿದ ಹಾಗೆ ಹಿಡಿದು ಒಂದು ತುಂಡು ಎತ್ತಿದ. ಅರ್ಧ ನನ್ನ ತಟ್ಟೆಗೆ ಬಂತು, ಅರ್ಧ ಅವನ ಟೈಯ ಮೇಲೆ. "ಇದಕ್ಕೇ ಮೇಡಂ ನಾನು ಮೆಷೀನು ಕಲ್ತಿದ್ದು," ಎಂದು ತನ್ನನ್ನೇ ನೋಡಿ ನಕ್ಕ. ಸುಳ್ಳಿಲ್ಲದೆ ನಕ್ಕದ್ದಕ್ಕೆ ಅವನ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು.

ಹೆಂಗಸು ಚೀಲವನ್ನು ನೆಲಕ್ಕಿಟ್ಟಳು. ಕಡ್ಡಿ ಹಿಡಿಯುವುದು ಅವಳಿಗೂ ಹೊಸದೇ. ಮೊದಲು ಬರೀ ಕಡ್ಡಿಯನ್ನು ನಾಲ್ಕು ಸಲ ತೆರೆದು ಮುಚ್ಚಿ ನೋಡಿದಳು. ಹಿಡಿತವನ್ನು ಎರಡು ಸಲ ಬದಲಿಸಿದಳು. ಕಿರುಬೆರಳನ್ನು ಬಟ್ಟಲಿನ ಅಂಚಿಗೆ ಊರಿದಳು. ಅವಸರವಿಲ್ಲ. ತುಂಡನ್ನು ಒತ್ತಲಿಲ್ಲ, ಕೆಳಗಿನಿಂದ ತೂಗಿಕೊಂಡಳು. ಅದು ಬಟ್ಟಲು ಬಿಟ್ಟು, ಮೇಜು ದಾಟಿ, ನನ್ನ ತಟ್ಟೆಗೆ ಬಂದು ಕೂತಿತು. ನಾಲ್ಕು ಮೂಲೆಯೂ ನೆಟ್ಟಗಿದ್ದವು. ಇಪ್ಪತ್ತೆಂಟು ವರ್ಷದ ಹಿಂದೆ ನಾನು ಇಟ್ಟದ್ದರಲ್ಲಿ ಒಂದು ಮೂಲೆ ಸ್ವಲ್ಪ ಮುಕ್ಕಾಗಿತ್ತು. ಅದನ್ನು ನಾನು ಯಾರಿಗೂ ಹೇಳಿದವಳಲ್ಲ.

"ನೋಡಿದ್ರಾ?" ಎಂದೆ ಯಜಮಾನರಿಗೆ. ಹೊಟ್ಟೆಕಿಚ್ಚೂ ಸಂತೋಷವೂ ಒಟ್ಟಿಗೇ ಬಂದು ನನ್ನ ದನಿ ವಿಚಿತ್ರವಾಗಿ ಕೇಳಿಸಿತು. "ಕೋರ್ಸು ಆರು ತಿಂಗಳಲ್ಲಿ ಕಲಿಸಬಹುದು. ಇದನ್ನ ಕಲಿಸೋಕಾಗಲ್ಲ."

"ನೋಡ್ದೆ," ಎಂದರು ಅವರು.

ನಾನು ಗೆದ್ದೆ ಎಂದುಕೊಂಡೆ. ನನ್ನ ಮಾನ ಹೋದರೂ ಜಾಗ ಸಲ್ಲಬೇಕಾದವಳಿಗೆ ಸಲ್ಲುತ್ತದೆ ಎಂದುಕೊಂಡೆ. ನಡುಕದ ಮಾತನ್ನು ನಾಳೆ ಕೂತು ಆಡಿದರಾಯಿತು. ಔಷಧಿ ಬದಲಿಸಬಹುದು, ಸುಲಭದ ಕೆಲಸ ಕೊಡಬಹುದು, ಏನಾದರೊಂದು ದಾರಿ ಇದ್ದೇ ಇರುತ್ತದೆ. ಯಜಮಾನರು ಒರೆಸುವ ಬಟ್ಟೆಯನ್ನು ಮಡಚಿ, ಮತ್ತೊಂದು ಮಡಿಕೆ ಮಡಚಿ, ಬದಿಗಿಟ್ಟರು. ಆಮೇಲೆ ನನ್ನನ್ನಾಗಲಿ ಅವರಿಬ್ಬರನ್ನಾಗಲಿ ನೋಡದೆ, ಟೋಫುವಿನ ಬಟ್ಟಲನ್ನೇ ನೋಡುತ್ತಾ ಹೇಳಿದರು:

"ಸೋಮವಾರ ಒಂಬತ್ತು ಗಂಟೆಗೆ ಬನ್ನಿ. ಇಬ್ರೂ."

ಟೈಯವನು ಎದ್ದು ನಿಂತು ಥ್ಯಾಂಕ್ಸ್ ಹೇಳತೊಡಗಿದ. ನನ್ನ ತಲೆಯೊಳಗೆ ಲ್ಯಾಬಿನ ಏಳು ಮೇಜುಗಳು ಒಂದೊಂದಾಗಿ ಎಣಿಸಿಕೊಳ್ಳುತ್ತಾ ಹೋದವು. ಯಜಮಾನರು ಕೆಟ್ಟವರಲ್ಲ. ಅವರು ಹೇಳಿದ್ದು ಸರಿಯಾದ ಲೆಕ್ಕ, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೂ ಇಷ್ಟು ಬೇಗ ಹೇಳುತ್ತಾರೆಂದು, ಇದೇ ಮೇಜಿನಲ್ಲಿ, ನಾನು ಕಡ್ಡಿಯನ್ನು ಇನ್ನೂ ಕೆಳಗಿಡುವುದರೊಳಗೆ ಹೇಳುತ್ತಾರೆಂದು ಎಣಿಸಿರಲಿಲ್ಲ.

ಹೆಂಗಸು ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿದಳು. ಸಂತೋಷಪಡಲೂ ಅವಳಿಗೆ ಹೆದರಿಕೆ. "ಇಬ್ರೂನಾ ಸಾರ್?" ಎಂದಳು. "ಒಂದೇ ಜಾಗ ಖಾಲಿ ಇದೆ ಅಂದಿದ್ರಲ್ಲ?"

ಯಜಮಾನರು ತಲೆ ಎತ್ತಲಿಲ್ಲ. ಉತ್ತರ ಕೊಡಬೇಕಾದವಳು ನಾನೇ ಆಗಿದ್ದೆ.

"ಊಟಕ್ಕೆ ಬರುವಾಗ ಒಂದೇ ಇತ್ತು ಕಣಮ್ಮ," ಎಂದೆ. "ಈಗ ಎರಡಿದೆ."